ರಂಗಕಲೆಯೂ ಕಾಯಕವೇ



ಕಿನ್ನರಿ ನುಡಿಸಿದ ಬೊಮ್ಮಯ್ಯ, ವೇಷ ಕಟ್ಟಿದ ಬಹುರೂಪಿ ಚೌಡಯ್ಯ ಇಬ್ಬರನ್ನೂ ಕಲ್ಯಾಣ ಶರಣರೆಂದೇ ಗೌರವಿಸಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದಿದ್ದರೂ 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಹೊಣೆ ಹೊತ್ತರು. ನಾಟಕ ಬರೆದು ಆಡಿಸಿ, 2010ರಲ್ಲಿ 96ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೂ ನಡೆಸಿದರು.

ನಾವೋ, ಮಂಡಕಳ್ಳಿಯಂಥ ಊರಲ್ಲೂ ಟ್ಯೂಷನ್ನಿಗಾಗಿ ಮಕ್ಕಳ ನಾಟಕ, ವಚನಗಾಯನ ಬಿಡಿಸುತ್ತಿದ್ದೇವೆ. ಅಂಕಗಳು ನೌಕರಿ ಕೊಡಿಸಿಯಾವು. ಮಾತು ಮರೆತರೂ ಕುಗ್ಗದೆ ಆಟ ಮುಂದುವರಿಸುವುದನ್ನು ರಂಗವೇ ಕಲಿಸಬೇಕು. ಆ ಎದೆಗಾರಿಕೆ ಮುಪ್ಪಿನವರೆಗೂ ಕೈಬಿಡದು. ಮಠಗಳ ಪ್ರತಿ ಪ್ರಸಾದನಿಲಯದಲ್ಲೂ ದಿನಕ್ಕೊಂದು ಗಂಟೆ ಕಲಾಭ್ಯಾಸವಿರಲಿ, ಹೆಣ್ಣುಮಕ್ಕಳಿಗೂ ಸಮಪಾಲಿರಲಿ.