ಟಿಕೆಟ್ ತೆಗೆಯುವ ಮೊದಲು ಆ ವರ್ಷವನ್ನು ನೆನೆಯೋಣ

ಕಳೆದ ವಾರ ಅಸರ್ ನಮಾಝ್ ಮುಗಿಸಿ ಕೋಲಾರದ ನಮ್ಮ ಮದ್ರಸದ ಜಗಲಿಯಲ್ಲಿ ಕೂತಿದ್ದಾಗ ನಮ್ಮಲ್ಲಿ ಓದಿದ ಹುಡುಗನೊಬ್ಬ ಬಂದ. ಅವನ ಬಾಪ್ಪ ಬಂಟ್ವಾಳ ಕಡೆಯವರು, ಮಾಲೂರಿನಲ್ಲಿ ಬೇಕರಿ ಇಟ್ಟು ಇಪ್ಪತ್ತು ವರ್ಷವಾಯಿತು. "ಉಸ್ತಾದ್, ಕೌಲಾಲಂಪುರಕ್ಕೆ ಹೋಗ್ತಿದ್ದೇನೆ, ದುಆ ಮಾಡಿ" ಎಂದ. ಯಾವ ವಿಸಾ ಎಂದು ಕೇಳಿದೆವು. "ಈಗ ವಿಸಾ ಬೇಡವಂತೆ. ಅಲ್ಲಿ ಹೋದ ಮೇಲೆ ಹೋಟೆಲಿನವರೇ ಪರ್ಮಿಟ್ ಮಾಡಿಸಿ ಕೊಡ್ತಾರಂತೆ."

ದುಆ ಮಾಡಿದೆವು. ಆದರೆ ಆ ಎರಡು 'ಅಂತೆ' ರಾತ್ರಿಯಿಡೀ ಕಿವಿಯಲ್ಲಿ ಉಳಿಯಿತು. 2023ರ ಡಿಸೆಂಬರ್‌ನಿಂದ ಮಲೇಷ್ಯಾ ಭಾರತೀಯರಿಗೆ ವಿಸಾ ಇಲ್ಲದೆ 30 ದಿನ ಬರಲು ಬಿಡುತ್ತಿರುವುದು ನಿಜ. ಅದು ಊರು ನೋಡಲು ಕೊಟ್ಟ ಸೌಲಭ್ಯ. ದುಡಿಯಲು ಕೊಟ್ಟದ್ದಲ್ಲ. ಮೂವತ್ತೊಂದನೇ ದಿನ ಏನು ಎಂಬುದನ್ನು ನಮ್ಮ ಮನೆ 2020ರಲ್ಲಿ ಹತ್ತಿರದಿಂದ ನೋಡಿದೆ.

ನಮ್ಮ ಮನೆಯವಳ ತಮ್ಮ ಆಗ ಕೌಲಾಲಂಪುರದ ಮಸ್ಜಿದ್ ಇಂಡಿಯಾ ಪ್ರದೇಶದ ಹೋಟೆಲೊಂದರಲ್ಲಿದ್ದ. 2020ರ ಮಾರ್ಚ್ 18ರಂದು ಅಲ್ಲಿ ಸಂಚಾರ ನಿರ್ಬಂಧ ಶುರುವಾಯಿತು. ಕೂತು ತಿನ್ನುವುದು ನಿಂತಿತು, ಪಾರ್ಸೆಲ್ ಮಾತ್ರ. ಹತ್ತು ದಿನದಲ್ಲಿ ಅವನ ಹೋಟೆಲೂ ಬಾಗಿಲು ಹಾಕಿತು. ಒಂದು ರೂಮು, ಒಂಬತ್ತು ಜನ. ಪಾಸ್‌ಪೋರ್ಟ್ ಮಾಲಕನ ಕಪಾಟಿನಲ್ಲಿ, ಮಾಲಕ ಬೇರೆ ಊರಲ್ಲಿ. ಏಪ್ರಿಲ್ 7ರಂದು ಅದೇ ಪ್ರದೇಶದ ಸೆಲಂಗೋರ್ ಮ್ಯಾನ್ಶನ್, ಮಲಯನ್ ಮ್ಯಾನ್ಶನ್ ಎಂಬ ಎರಡು ದೊಡ್ಡ ಕಟ್ಟಡಗಳಿಗೆ ಮುಳ್ಳುತಂತಿ ಸುತ್ತಿದರು. ಅವನ ರೂಮು ಪಕ್ಕದ ಬೀದಿಯಲ್ಲಿ.

ಮೇ 1ರಂದು ವಲಸೆ ಇಲಾಖೆಯವರು ಆ ಪ್ರದೇಶಕ್ಕೆ ನುಗ್ಗಿ ಕಾಗದವಿಲ್ಲದ ನೂರಾರು ಜನರನ್ನು ಹಿಡಿದು ಲಾರಿ ಹತ್ತಿಸಿದರು. ಅವನ ರೂಮಿನ ಒಬ್ಬನೂ ಅದರಲ್ಲಿ ಹೋದ. ವಿಸಿಟ್‌ನಲ್ಲಿ ಬಂದು ಉಳಿದುಕೊಂಡವನು. ಬಾಗಿಲು ಬಡಿದಾಗ ಅವನು ಸುಹೂರ್ ಊಟದ ಪಾತ್ರೆ ತೊಳೆಯುತ್ತಿದ್ದನಂತೆ. ರಮಝಾನ್ ಅಲ್ಲವೇ.

ಆ ದಿನಗಳಲ್ಲಿ ಫೋನಿನ ಎರಡೂ ಕಡೆ ಸುಳ್ಳೇ ಇತ್ತು. ಅವನು ಊಟ ಆಯಿತು ಎನ್ನುತ್ತಿದ್ದ. ನಾವು ಉಮ್ಮನಿಗೆ ಏನೂ ಇಲ್ಲ, ಸ್ವಲ್ಪ ಕಾಲು ನೋವು ಎನ್ನುತ್ತಿದ್ದೆವು. ಮೇ 12ರಂದು ದುಬೈಯಿಂದ ಮಂಗಳೂರಿಗೆ ವಂದೇ ಭಾರತ್‌ನ ಮೊದಲ ವಿಮಾನ ಬಂದಾಗ ಉಮ್ಮ ಟಿವಿ ಮುಂದೆ ಕೂತು, ಇದರಲ್ಲಿ ಇದ್ದಾನಾ ಎಂದು ಕೇಳಿದರಂತೆ. ಅವನಿದ್ದ ಊರೇ ಬೇರೆ ಎಂದು ಯಾರು ಹೇಳುವುದು? ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಬೇಕು, ಟಿಕೆಟ್ ಹಣ ಸ್ವಂತ, ಕೈಗೆ ಪಾಸ್‌ಪೋರ್ಟ್ ಸಿಗಬೇಕು. ಪೆರ್ನಾಳ್ ಅಲ್ಲಿಯೂ ಊರಲ್ಲಿಯೂ ಮೇ 24ಕ್ಕೆ, ಇಲ್ಲಿ ಕೋಲಾರದಲ್ಲಿ 25ಕ್ಕೆ. ಮೂರೂ ಕಡೆ ಮನೆಯೊಳಗೇ ನಮಾಝ್.

ಜುಲೈಯಲ್ಲಿ ಉಮ್ಮ ತೀರಿಕೊಂಡರು. ನಾವು ಶಿರಾಡಿ ಇಳಿದು ಮಯ್ಯಿತ್ ನಮಾಝ್‌ಗೆ ತಲುಪಿದೆವು. ಅವನು ರೂಮಿನಲ್ಲಿ ನಾಲ್ಕು ಜನರನ್ನು ನಿಲ್ಲಿಸಿಕೊಂಡು ಗಾಯಿಬ್ ನಮಾಝ್ ಮಾಡಿದ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಅದಕ್ಕೆ ಅವಕಾಶವುಂಟು. ಕಿತಾಬಿನಲ್ಲಿ ಆ ಪಾಠವನ್ನು ಎಷ್ಟು ವರ್ಷ ಹೇಳಿಕೊಟ್ಟಿದ್ದೇವೆ. ಅದರ ಭಾರ ಗೊತ್ತಾದದ್ದು ಆ ದಿನ.

ಇದು ಬಡ ದೇಶದ ಕಥೆ ಎಂದು ಯಾರೂ ತಿಳಿಯಬಾರದು. ಸಿಂಗಾಪುರದಂತಹ ಅಚ್ಚುಕಟ್ಟಾದ ಊರಿನಲ್ಲೂ ವಲಸೆ ಕಾರ್ಮಿಕರ ಡಾರ್ಮಿಟರಿಗಳಲ್ಲಿ ಸುಮಾರು 3.2 ಲಕ್ಷ ಜನರಿದ್ದರು. ಅವರಲ್ಲಿ ಶೇ. 47ರಷ್ಟು ಮಂದಿಗೆ ಸೋಂಕು ತಗಲಿತ್ತೆಂದು 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಸರಕಾರವೇ ಹೇಳಿತು. ಒಂದೇ ರೂಮಿನಲ್ಲಿ ಹತ್ತಿಪ್ಪತ್ತು ಮಂಚ ಹಾಕಿದರೆ ದೂರ ನಿಲ್ಲಿ ಎಂಬ ಮಾತಿಗೆ ಅರ್ಥವೇನು?

ಇನ್ನೊಂದು ಮಾತನ್ನು ನಾಚಿಕೆಯಿಂದಲೇ ಹೇಳಬೇಕು. ಕೋಲಾರ ಜಿಲ್ಲೆಯಲ್ಲಿ ಮೇ ಎರಡನೇ ವಾರದವರೆಗೆ ಒಂದೂ ಪ್ರಕರಣ ಇರಲಿಲ್ಲ. ನಮ್ಮದು ಹಸಿರು ವಲಯ ಎಂದು ಎಲ್ಲರಿಗೂ ಹೆಮ್ಮೆ. ಮುಳಬಾಗಿಲಿನಲ್ಲಿ ಮೊದಲ ಪ್ರಕರಣಗಳು ಬಂದ ಕೂಡಲೇ ಹೊರಗಿನವರೇ ತಂದರು ಎಂಬ ಮಾತು ಶುರುವಾಯಿತು. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ. ಮಂಡಿಗೆ ಬರುವ ಹೊರರಾಜ್ಯದ ವ್ಯಾಪಾರಿಯನ್ನೂ ಅನುಮಾನದಿಂದ ನೋಡುವ ಕಾಲ. ಮಾಲೂರು, ನರಸಾಪುರದ ಕಾರ್ಖಾನೆಗಳಿಗೆ ಬಂದ ಬಿಹಾರ, ಒಡಿಶಾದ ಹುಡುಗರು ಇಲ್ಲಿಯೂ ಒಂದೊಂದು ರೂಮಿನಲ್ಲಿ ಎಂಟೆಂಟು ಜನ ಇದ್ದರು. ನಮ್ಮವನು ಮಸ್ಜಿದ್ ಇಂಡಿಯಾದಲ್ಲಿ ಹಸಿದಿದ್ದಾನೆ ಎಂದು ಕಣ್ಣೀರಿಟ್ಟ ನಾವು, ನಮ್ಮ ಬೀದಿಯ ಕೊನೆಯ ರೂಮಿನ ಬಾಗಿಲು ತಟ್ಟಿದ್ದು ರಮಝಾನ್‌ನ ಹತ್ತು ದಿನ ಕಳೆದ ಮೇಲೆ. ಅಲ್ಲಿದ್ದವರು ಎರಡು ದಿನದಿಂದ ಅವಲಕ್ಕಿ ನೆನೆಸಿ ತಿನ್ನುತ್ತಿದ್ದರು. ಕರಾವಳಿಯಿಂದ ನಾನ್ನೂರು ಕಿಲೋಮೀಟರ್ ದಾಟಿ ಬಂದು ಬದುಕುವ ನಾವು ಬ್ಯಾರಿಗಳೂ ಇಲ್ಲಿ ಹೊರಗಿನವರೇ ಅಲ್ಲವೇ?

ಹಾಗಾದರೆ ಹೋಗಬೇಡಿ ಎನ್ನುತ್ತೀರಾ ಉಸ್ತಾದರೇ ಎಂದು ಕೇಳಬಹುದು. ಇಲ್ಲ. ನಮ್ಮ ಎಷ್ಟೋ ಮನೆಗಳ ಹಂಚು, ಹೆಣ್ಣುಮಕ್ಕಳ ಮದುವೆ, ಈ ಮದ್ರಸದ ಮಾಡು ಕೂಡ ಪರದೇಶದ ಬೆವರಿನಿಂದಲೇ ಆದದ್ದು. ಹೋಗಿ, ಆದರೆ ಕಾಗದ ಸರಿ ಮಾಡಿಕೊಂಡು ಹೋಗಿ.

ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗಿರುತ್ತದೆ. ಅಂಥವರು ಕೆಲಸಕ್ಕಾಗಿ ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾಕ್ಕೆ ಹೋಗಲು ಸರಕಾರದ ಇ-ಮೈಗ್ರೇಟ್ ಮೂಲಕ ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆಯಲೇಬೇಕು. ಏಜೆಂಟನಿಗೆ ನೋಂದಣಿ ಉಂಟೋ ಇಲ್ಲವೋ ಎಂಬುದನ್ನೂ ಅಲ್ಲೇ ನೋಡಬಹುದು. ಇದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಬೇಕು. ಕೆಲವು ನೂರು ರೂಪಾಯಿ ಕಂತಿಗೆ, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ ರೂಪಾಯಿ ಬರುತ್ತದೆ. ಪ್ರವಾಸಿಗನ ಹೆಸರಲ್ಲಿ ಹೋದವನು ಇವೆರಡನ್ನೂ ಬಿಟ್ಟೇ ಹೋಗುತ್ತಾನೆ.

ಮನೆಯವರಿಗೂ ಕೆಲಸ ಉಂಟು. ಪಾಸ್‌ಪೋರ್ಟ್, ಪರ್ಮಿಟ್, ಕೆಲಸದ ಕರಾರು ಮೂರರ ನಕಲು ಊರಿನ ಪೆಟ್ಟಿಗೆಯಲ್ಲಿರಲಿ. ಪ್ರತಿ ಜಮಾಅತ್‌ನಲ್ಲಿ ಒಂದು ಪುಸ್ತಕವಿರಲಿ: ಯಾರು ಯಾವ ದೇಶದಲ್ಲಿ, ಯಾವ ವಿಳಾಸದಲ್ಲಿ, ರೂಮಿನಲ್ಲಿ ಜೊತೆಗಿರುವವನ ನಂಬರು ಯಾವುದು. 2020ರಲ್ಲಿ ನಮ್ಮವನ ಫೋನ್ ಆಫ್ ಆದ ಮೂರು ದಿನ ನಮ್ಮ ಕೈಯಲ್ಲಿ ಇನ್ನೊಂದು ನಂಬರು ಇರಲಿಲ್ಲ.

2021ರ ಜೂನ್ ಕೊನೆಯಲ್ಲಿ ಅದೇ ಮಲೇಷ್ಯಾದಲ್ಲಿ ಅಕ್ಕಿ ಮುಗಿದವರು ಮನೆ ಮುಂದೆ ಬಿಳಿ ಬಟ್ಟೆ ಕಟ್ಟಲಿ ಎಂಬ ಮಾತು ಹರಡಿತು. ನೆರೆಯವರು ಜಾತಿ ಧರ್ಮ ಕೇಳದೆ ಸಾಮಾನು ತಂದಿಟ್ಟು ಹೋದರು. ಬಾಯಿಬಿಟ್ಟು ಬೇಡಬೇಕಾಗಿರಲಿಲ್ಲ. ನಮ್ಮ ಜಮಾಅತ್‌ಗಳೂ ಅಂಥದ್ದೊಂದು ದಾರಿ ಮಾಡಬೇಕು. ಅದು ಬ್ಯಾರಿ ಮನೆಗೂ ಬೇಕು, ಬೀದಿಯ ಕೊನೆಯ ಬಿಹಾರಿ ಹುಡುಗನಿಗೂ ಬೇಕು.

ಆ ಹುಡುಗನಿಗೆ ಮೊನ್ನೆ ಫೋನ್ ಮಾಡಿದೆವು. ಟಿಕೆಟ್ ಇನ್ನೂ ತೆಗೆದಿಲ್ಲವಂತೆ. ಏಜೆಂಟನ ಹತ್ತಿರ ಪರ್ಮಿಟ್ ಕಾಗದ ಕೇಳು, ಬಾಪ್ಪನನ್ನು ಕರೆದುಕೊಂಡು ಬಾ, ಕೂತು ಒಟ್ಟಿಗೆ ನೋಡೋಣ ಎಂದಿದ್ದೇವೆ. ಈ ಶುಕ್ರವಾರ ಜುಮುಅ ಕಳೆದು ಬರ್ತಾರೆ.