ಬೆನ್ನುಚೀಲದ ಬಾಳಿಕೆ

ಸ್ಕೀ ಹಲಗೆಗಳನ್ನು ತೊಟ್ಟು ಹಿಮದ ಮೇಲೆ ಜಾರುವವರು ಬೆನ್ನುಚೀಲ ಕೊಳ್ಳುವಾಗ ಕೇಳುವ ಮೊದಲ ಪ್ರಶ್ನೆ ಬಟ್ಟೆಯ ಗಟ್ಟಿತನದ್ದು. ಮಾರುವವನು ‘ಡೆನಿಯರ್’ ಎಂಬ ಅಂಕಿಯನ್ನು ತೋರಿಸುತ್ತಾನೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್. 420 ಡೆನಿಯರಿನ ನೈಲಾನ್ ನೂಲು 210 ಡೆನಿಯರಿನದಕ್ಕಿಂತ ಇಮ್ಮಡಿ ಭಾರವುಳ್ಳದ್ದು; ಆದರೆ ಅದರ ವ್ಯಾಸ ಸುಮಾರು 1.4 ಪಟ್ಟು ಮಾತ್ರ ಹೆಚ್ಚು. ಹಲಗೆಗಳ ಉಕ್ಕಿನ ಅಂಚು ಗರಗಸದಂತೆ ಉಜ್ಜುವ ಒಂದೆರಡು ಕಡೆಗಳಲ್ಲಿ ಬಟ್ಟೆ ದಪ್ಪವಾಗಿದ್ದರೆ ಸಾಕು. ಚೀಲವೆಲ್ಲ ದಪ್ಪವಾದರೆ ಹೊರುವವನಿಗೆ ಹೊರೆ.

ಬಾಳಿಕೆಯ ಚರ್ಚೆ ಇಲ್ಲಿಗೇ ನಿಲ್ಲುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕಾಶ್ಮೀರದ ಗುಲ್‌ಮಾರ್ಗ್‌ನಲ್ಲಿ ತೂಗುತೊಟ್ಟಿಲಿನಂಥ ತಂತಿಗಾಡಿಯು ಜನರನ್ನು 3,900 ಮೀಟರಿಗೂ ಮೇಲಕ್ಕೆ ಒಯ್ಯುತ್ತದೆ. ಅಲ್ಲಿಂದ ಒಂದು ದಿಕ್ಕಿನಲ್ಲಿ ಕಾವಲಿರುವ ಇಳಿಜಾರು. ಸ್ವಲ್ಪ ಸರಿದರೆ ಯಾರ ಕಾವಲೂ ಇಲ್ಲದ ಬೆಟ್ಟ. ವಿಹಾರಕ್ಕೆಂದು ಕೊಂಡ ಚೀಲವೇ ಆ ಬೆಟ್ಟಕ್ಕೂ ಹೋಗುತ್ತದೆ, ಒಳಗೆ ನೀರಿನ ಸೀಸೆ ಮತ್ತು ತಿಂಡಿಯಷ್ಟೇ ಇದ್ದರೂ.

ಹಿಮ ಕುಸಿದು ಹೂತುಹೋದವನನ್ನು 10 ನಿಮಿಷಗಳೊಳಗೆ ಹೊರತೆಗೆದರೆ 100ಕ್ಕೆ ಸುಮಾರು 90 ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಆ ಸಂಖ್ಯೆ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬಹುಪಾಲು ಸಾವು ಉಸಿರುಕಟ್ಟಿ ಬರುವುದು. ನೆರವು ಕೆಳಗಿನಿಂದ ಬರುವಷ್ಟು ಹೊತ್ತು ಅಲ್ಲಿಲ್ಲ. ಜೊತೆಗಿದ್ದವರೇ ಅಗೆಯಬೇಕು. ಅದಕ್ಕೆ ಮೂರು ಸಾಧನಗಳು: ಮೈಮೇಲೆ ಧರಿಸುವ ರೇಡಿಯೋ ಸಂಕೇತಯಂತ್ರ, ಹಿಮಕ್ಕೆ ಚುಚ್ಚಿ ನೋಡುವ ಮಡಿಸುವ ಕೋಲು, ಲೋಹದ ಸಲಿಕೆ. ಮೊದಲನೆಯದು ಚೀಲದಲ್ಲಿರಕೂಡದು, ಚೀಲ ಕಿತ್ತುಹೋದರೆ ಅದೂ ಹೋಯಿತು. ಉಳಿದೆರಡಕ್ಕೆ ಪ್ರತ್ಯೇಕ ಅರೆ ಬೇಕು. ಬಟ್ಟೆ ಎಷ್ಟು ಗಟ್ಟಿಯಾಗಿದ್ದರೂ ಹಿಮಗಟ್ಟಿದ ಜಿಪ್ಪು ಬಿಚ್ಚದಿದ್ದರೆ ಆ ಚೀಲಕ್ಕೆ ಬಾಳಿಕೆ ಉಂಟೆಂದು ಹೇಗೆ ಹೇಳುವುದು?

ಗಾಳಿಚೀಲವುಳ್ಳ ಬೆನ್ನುಚೀಲಗಳು ಈಗ ಬಲು ಪ್ರಸಿದ್ಧ. ಹಿಡಿ ಎಳೆದರೆ ಸುಮಾರು 150 ಲೀಟರಿನ ಬುಗ್ಗೆ ಉಬ್ಬುತ್ತದೆ. ಖಾರದ ಅವಲಕ್ಕಿಯ ಡಬ್ಬಿಯನ್ನು ಕುಲುಕಿದಾಗ ಕಡಲೆಬೀಜ ಮೇಲೇರಿ ಪುಡಿ ತಳ ಸೇರುವುದಷ್ಟೆ. ಹರಿಯುವ ಹಿಮದಲ್ಲಿಯೂ ದೊಡ್ಡ ಗಾತ್ರದ್ದು ಮೇಲುಳಿಯುತ್ತದೆ. ಹಲವು ದೇಶಗಳ ಅಪಘಾತಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹಿಮಕ್ಕೆ ಗಂಭೀರವಾಗಿ ಸಿಕ್ಕವರಲ್ಲಿ ಸಾವಿನ ಪ್ರಮಾಣ ಶೇಕಡ 22ರಿಂದ, ಚೀಲ ಉಬ್ಬಿದಾಗ, 11ಕ್ಕೆ ಇಳಿಯಿತು. ಇದು ಅಲ್ಪವಲ್ಲ. ಆದರೆ ಐದರಲ್ಲೊಂದು ಚೀಲ ಉಬ್ಬಲೇ ಇಲ್ಲ. ಅದರಲ್ಲಿ ಹೆಚ್ಚಿನವು ಧರಿಸಿದವನು ಹಿಡಿ ಎಳೆಯದ್ದರಿಂದ. ಮರಗಳಿಗೂ ಬಂಡೆಗಳಿಗೂ ಬಡಿಯುವ ಪೆಟ್ಟನ್ನು ಅದು ತಡೆಯಲಾರದು. ಇಷ್ಟು ಬೆಲೆ ತೆತ್ತ ಮೇಲೆ ಸಲಿಕೆಗೆ ಹಣವಿಲ್ಲವೆನ್ನುವವರು ಲೆಕ್ಕವನ್ನು ತಲೆಕೆಳಗೆ ಹಾಕಿದಂತೆಯೇ ಸರಿ.

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ದಪ್ಪ ಕೈಗವಸು ತೊಟ್ಟು, ಚೀಲವನ್ನು ಇಳಿಸಿ, ಸಲಿಕೆಯನ್ನು ಹೊರತೆಗೆದು, ಹಿಡಿಯನ್ನು ಜೋಡಿಸಿ ನೋಡಬೇಕು. ಗಡಿಯಾರವನ್ನು ಗೆಳೆಯನ ಕೈಗೆ ಕೊಟ್ಟಿರಲಿ.