ದಿಂಬಿನಡಿಯ ಪುಸ್ತಕ ಮತ್ತು ನಮ್ಮ ಹೊಣೆ

ಕಳೆದ ಚಳಿಗಾಲದ ಒಂದು ಭಾನುವಾರ, ಅಸರ್ ನಮಾಝಿನ ಬಳಿಕ, ಭದ್ರಾವತಿಯಿಂದ ಓರ್ವ ತಾಯಿ ತಮ್ಮ ಪತಿಯೊಂದಿಗೆ ಶಿವಮೊಗ್ಗದ ನಮ್ಮ ಮನೆಗೆ ಬಂದರು. ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಪುಸ್ತಕವೊಂದನ್ನು ನನ್ನ ಮುಂದಿಟ್ಟು, "ಹಜ್ರತ್, ಇದು ನಮ್ಮ ಹುಡುಗಿಯ ದಿಂಬಿನ ಕೆಳಗೆ ಸಿಕ್ಕಿತು. ಹರಾಮ್ ಎಂದು ನೀವು ಒಂದು ಮಾತು ಹೇಳಿಬಿಡಿ. ಇದನ್ನು ಒಲೆಗೆ ಹಾಕುತ್ತೇನೆ. ಅವಳಿಗೆ ಕಾಲೇಜೂ ಸಾಕು" ಎಂದರು.

ಮುಖಪುಟದಲ್ಲಿ ಹೂವಿನ ಚಿತ್ರವಿದ್ದ ಇಂಗ್ಲಿಷ್ ಕಾದಂಬರಿ ಅದು. ಅಮೆರಿಕದ ಲೇಖಕಿ ಕಾಲೀನ್ ಹೂವರ್ 2016ರಲ್ಲಿ ಪ್ರಕಟಿಸಿದ 'ಇಟ್ ಎಂಡ್ಸ್ ವಿತ್ ಅಸ್'. ಹುಡುಗಿ ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. "ಇದರಲ್ಲಿ ಏನಿದೆ ಆಪಾ?" ಎಂದು ಕೇಳಿದೆ. "ನನಗೆ ಇಂಗ್ಲಿಷ್ ಎಲ್ಲಿ ಬರುತ್ತದೆ? ಪ್ರೇಮದ ಕಥೆಯಂತೆ, ಪಕ್ಕದ ಮನೆಯ ಹುಡುಗಿ ಹೇಳಿದಳು" ಎಂದರು. ಭದ್ರಾವತಿಯ ಕಾಗದ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿ ದುಡಿದಿದ್ದ ಅವರ ಪತಿ ನಿಟ್ಟುಸಿರಿಟ್ಟು, "ಕಾಗದ ಮಾಡಿ ಬದುಕಿದವರು ನಾವು. ಈಗ ಕಾಗದಕ್ಕೇ ಹೆದರುವ ಕಾಲ ಬಂತು" ಎಂದರು.

ನಾನು ಹತ್ತು ದಿನಗಳ ಅವಕಾಶ ಕೇಳಿದೆ. ಅಲ್ಲಿಯವರೆಗೆ ಮಗುವಿಗೆ ಏನನ್ನೂ ಹೇಳಬೇಡಿ, ಕಾಲೇಜು ಬಿಡಿಸಬೇಡಿ ಎಂದು ಕೈಮುಗಿದು ವಿನಂತಿಸಿದೆ. ಆ ವಿನಂತಿಯ ಹಿಂದೆ ಒಂದು ಪಶ್ಚಾತ್ತಾಪವಿತ್ತು. ಅದನ್ನು ಹೇಳದೆ ಈ ಲೇಖನವನ್ನು ಮುಂದುವರಿಸುವುದು ಪ್ರಾಮಾಣಿಕತೆಯಾಗದು.

ಹನ್ನೆರಡು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಚೀಲದಿಂದ ಕನ್ನಡ ಕಾದಂಬರಿಯೊಂದನ್ನು ಕಿತ್ತುಕೊಂಡೆ. ಮುಖಪುಟದಲ್ಲಿ ಗಂಡು ಹೆಣ್ಣಿನ ಚಿತ್ರವಿತ್ತು. ನನಗೆ ಅಷ್ಟೇ ಸಾಕಾಯಿತು. ತಂದೆಯನ್ನು ಕರೆಸಿ, ನಾಲ್ಕು ಜನರೆದುರು ಪುಸ್ತಕವನ್ನು ಅವರ ಕೈಗಿತ್ತೆ. ಪರೀಕ್ಷೆ ಮುಗಿದ ಮೇಲೆ ಆಕೆಯ ಓದು ನಿಂತಿತು. ಹದಿನೆಂಟು ತುಂಬುತ್ತಲೇ ನಿಕಾಹ್ ಆಯಿತು. ಬಹಳ ಕಾಲದ ನಂತರ ಅದೇ ಕಾದಂಬರಿ ಗ್ರಂಥಾಲಯವೊಂದರಲ್ಲಿ ನನ್ನ ಕಣ್ಣಿಗೆ ಬಿತ್ತು. ಕುಳಿತು ಓದಿದೆ. ನಾನು ಹೆದರಿದ್ದ ಯಾವ ಸಂಗತಿಯೂ ಅದರಲ್ಲಿರಲಿಲ್ಲ. ಅದೊಂದು ಸಾಧಾರಣ ಕೌಟುಂಬಿಕ ಕಥೆ. ಓದದ ಪುಸ್ತಕದ ಬಗ್ಗೆ ನಾನು ಸಾಕ್ಷಿ ನುಡಿದಿದ್ದೆ. ಅರಿವಿಲ್ಲದ ವಿಷಯದ ಬೆನ್ನು ಹತ್ತಬೇಡ, ಕಿವಿ, ಕಣ್ಣು, ಹೃದಯಗಳೆಲ್ಲವೂ ವಿಚಾರಣೆಗೊಳಗಾಗಲಿವೆ ಎಂಬ ಸೂರಃ ಬನೀ ಇಸ್ರಾಈಲ್‌ನ ಎಚ್ಚರಿಕೆಯನ್ನು ಮಕ್ಕಳಿಗೆ ಬೋಧಿಸುತ್ತಿದ್ದವನೇ ನಾನು.

ಪ್ರೇಮದ ಕಥೆಯೆಂದ ಮಾತ್ರಕ್ಕೆ ಅದು ನಮಗೆ ಅನ್ಯವೇ? ಪವಿತ್ರ ಕುರ್‌ಆನ್ ಅತ್ಯುತ್ತಮ ವೃತ್ತಾಂತವೆಂದು ಪರಿಚಯಿಸುವ ಸೂರಃ ಯೂಸುಫ್‌ನಲ್ಲಿ ಓರ್ವ ಯುವಕನೆದುರು ಬಂದ ಮೋಹದ ಪರೀಕ್ಷೆ ಮುಚ್ಚುಮರೆಯಿಲ್ಲದೆ ನಿರೂಪಿತವಾಗಿದೆ. ಆದರೆ ಎಷ್ಟು ಸಂಯಮದಿಂದ! ಸೂರಃ ಅಲ್ ಕಸಸ್‌ನಲ್ಲಿ ಪ್ರವಾದಿ ಮೂಸಾ(ಅ) ಮದ್‌ಯನ್‌ನ ಬಾವಿಯ ಬಳಿ ಇಬ್ಬರು ಯುವತಿಯರ ಕುರಿಗಳಿಗೆ ನೀರುಣಿಸಿ ನೆರಳಿಗೆ ಸರಿಯುತ್ತಾರೆ. ಅವರಲ್ಲೊಬ್ಬಳು ಲಜ್ಜೆಯಿಂದ ನಡೆದುಬಂದು ತಂದೆಯ ಕರೆಯನ್ನು ತಿಳಿಸುತ್ತಾಳೆ. ಈತ ಬಲಶಾಲಿ, ನಂಬಿಕಸ್ಥ, ಕೆಲಸಕ್ಕಿಟ್ಟುಕೊಳ್ಳಿ ಎಂದು ತಂದೆಗೆ ಮೊದಲು ಹೇಳುವವಳೂ ಮಗಳೇ. ಅದು ನಿಕಾಹ್‌ನಲ್ಲಿ ಮುಕ್ತಾಯವಾಗುತ್ತದೆ. ಕರ್ಮಶಾಸ್ತ್ರ ಪಂಡಿತರಾದ ಕೊರ್ಡೋವಾದ ಇಬ್ನ್ ಹಝ್ಮ್ ಪ್ರೇಮದ ಕುರಿತೇ 'ತೌಕುಲ್ ಹಮಾಮಃ' ಬರೆದರು. ನಮ್ಮದೇ ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ನುಸ್ರತಿ 1657ರಲ್ಲಿ ದಖನಿಯಲ್ಲಿ ರಚಿಸಿದ 'ಗುಲ್ಶನೆ ಇಷ್ಕ್' ಮನೋಹರ ಮತ್ತು ಮಧುಮಾಲತಿಯರ ಪ್ರೇಮಕಾವ್ಯ.

ಇದಕ್ಕೆ ವಿರುದ್ಧವಾದ ಅಭಿಪ್ರಾಯವೂ ನಮ್ಮ ಪರಂಪರೆಯಲ್ಲಿದೆ, ಅದನ್ನು ಮರೆಮಾಚಬಾರದು. ಮೌಲಾನಾ ಅಶ್ರಫ್ ಅಲಿ ಥಾನವಿಯವರು 'ಬಹಿಶ್ತೀ ಝೇವರ್'ನಲ್ಲಿ ಸ್ತ್ರೀಯರಿಗೆ ಹಾನಿಕರವಾದ ಪುಸ್ತಕಗಳ ಪಟ್ಟಿ ಕೊಟ್ಟು, ಕಾದಂಬರಿಗಳನ್ನೂ ಅದರಲ್ಲಿ ಸೇರಿಸಿದರು. ಡೆಪ್ಯುಟಿ ನಝೀರ್ ಅಹ್ಮದ್ ತಮ್ಮ ಹೆಣ್ಣುಮಕ್ಕಳಿಗೆ ಓದಲು ತಕ್ಕ ಪುಸ್ತಕವಿಲ್ಲವೆಂದು ತಾವೇ ಬರೆದ 'ಮಿರಾತುಲ್ ಉರೂಸ್' ಬಗ್ಗೆಯೂ ಅಲ್ಲಿ ಎಚ್ಚರಿಕೆಯಿದೆ. ಇಂದು ಅದೇ ಕೃತಿಯನ್ನು ಸಭ್ಯತೆಯ ಪಾಠವೆಂದು ಹಿರಿಯರೇ ಮಕ್ಕಳಿಗೆ ಕೊಡುತ್ತಾರೆ. ಥಾನವಿಯವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಒಂದು ಮಾತನ್ನಂತೂ ಅವರಿಂದ ಕಲಿಯಬೇಕು: ಪುಸ್ತಕ ಮನಸ್ಸನ್ನು ರೂಪಿಸುತ್ತದೆ, ಆದ್ದರಿಂದ ಅದರ ಆಯ್ಕೆ ಹಗುರವಾದ ಸಂಗತಿಯಲ್ಲ. ಆದರೆ ಪಟ್ಟಿಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ನಮಗೆ ಬೇಕಾದುದು ಒಂದು ಅಳತೆಗೋಲು.

ಆ ಅಳತೆಗೋಲು ನನಗೆ ಸಿಕ್ಕಿದ್ದು ಸಹೀಹ್ ಬುಖಾರಿಯಲ್ಲಿ, ಇಬ್ನ್ ಅಬ್ಬಾಸ್(ರ) ವರದಿ ಮಾಡಿದ ಒಂದು ಪ್ರಸಂಗದಲ್ಲಿ. ಬರೀರಾ(ರ) ದಾಸ್ಯದಿಂದ ಬಿಡುಗಡೆ ಹೊಂದಿದಾಗ, ದಾಸರಾಗಿದ್ದ ಪತಿ ಮುಗೀಸ್‌ರೊಂದಿಗೆ ಉಳಿಯುವ ಅಥವಾ ಅಗಲುವ ಆಯ್ಕೆ ಅವರದಾಯಿತು. ಅವರು ಅಗಲಿಕೆಯನ್ನು ಆರಿಸಿಕೊಂಡರು. ಮುಗೀಸ್ ಗಡ್ಡ ತೋಯುವಂತೆ ಅಳುತ್ತಾ ಮದೀನದ ಬೀದಿಗಳಲ್ಲಿ ಅವರ ಹಿಂದೆ ಅಲೆಯುತ್ತಿದ್ದರು. ಆ ಪ್ರೇಮವನ್ನು ಕಂಡು ಮರುಗಿದ ಪ್ರವಾದಿ(ಸ), ಮರಳಿ ಹೋಗಬಾರದೇಕೆ ಎಂದು ಬರೀರಾರನ್ನು ಕೇಳಿದರು. ಇದು ಆಜ್ಞೆಯೇ ಎಂದು ಬರೀರಾ ವಿಚಾರಿಸಿದರು. ಆಜ್ಞೆಯಲ್ಲ, ಶಿಫಾರಸು ಮಾತ್ರ ಎಂದಾಗ, ತನಗೆ ಆತನ ಅಗತ್ಯವಿಲ್ಲವೆಂದರು. ಅಲ್ಲಿಗೆ ಮಾತು ಮುಗಿಯಿತು. ಸ್ವತಃ ಅಲ್ಲಾಹನ ಸಂದೇಶವಾಹಕರೇ ಶಿಫಾರಸು ಮಾಡಿದಾಗಲೂ ಓರ್ವ ಸ್ತ್ರೀಯ 'ಬೇಡ' ಎಂಬ ಮಾತು 'ಬೇಡ'ವೆಂದೇ ಉಳಿಯಿತು. ಮುಗೀಸ್‌ರ ಕಣ್ಣೀರನ್ನು ಯಾರೂ ಅಪಹಾಸ್ಯ ಮಾಡಲಿಲ್ಲ, ಆದರೆ ಆ ಕಣ್ಣೀರು ಬರೀರಾರ ಮೇಲೆ ಹಕ್ಕನ್ನೂ ಪಡೆಯಲಿಲ್ಲ.

ಈ ಅಳತೆಗೋಲನ್ನು ಹಿಡಿದು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಒಂಬತ್ತು ರಾತ್ರಿಗಳಲ್ಲಿ ಆ ಇಂಗ್ಲಿಷ್ ಕಾದಂಬರಿಯನ್ನು ಮುಗಿಸಿದೆ. ಬಾಸ್ಟನ್ ನಗರದಲ್ಲಿ ಹೂವಿನಂಗಡಿ ತೆರೆಯುವ ಲಿಲಿ ಎಂಬಾಕೆ ವೈದ್ಯನೊಬ್ಬನನ್ನು ವರಿಸುತ್ತಾಳೆ. ತಂದೆ ತಾಯಿಯನ್ನು ಹೊಡೆಯುವುದನ್ನು ನೋಡಿ ಬೆಳೆದವಳು ಆಕೆ. ಈಗ ಪತಿಯೂ ಕೈಯೆತ್ತುತ್ತಾನೆ. ಕೊನೆಯಲ್ಲಿ, ಆಗತಾನೇ ಹುಟ್ಟಿದ ಮಗಳನ್ನು ಎತ್ತಿಕೊಂಡಿರುವ ಪತಿಗೆ ಆಕೆ ಕೇಳುವ ಪ್ರಶ್ನೆಯ ತಾತ್ಪರ್ಯವಿಷ್ಟು: ನಾಳೆ ಈ ಮಗು ಬಂದು ತನ್ನ ಗಂಡ ತನ್ನನ್ನು ಹೊಡೆಯುತ್ತಾನೆಂದರೆ ನೀವು ಏನು ಹೇಳುತ್ತೀರಿ? ಆತನಲ್ಲಿ ಉತ್ತರವಿದೆ, ಆ ಉತ್ತರವೇ ಅವರನ್ನು ಬೇರ್ಪಡಿಸುತ್ತದೆ.

ಹದಿಹರೆಯದವರಿಗೆ ನಾನು ಈ ಪುಸ್ತಕವನ್ನು ಶಿಫಾರಸು ಮಾಡಲಾರೆ. ಇದರಲ್ಲಿ ಮಲಗುವ ಕೋಣೆಯ ವರ್ಣನೆಗಳು ವಿವರವಾಗಿಯೇ ಇವೆ. ದೃಷ್ಟಿಯನ್ನು ತಗ್ಗಿಸಬೇಕೆಂಬ ಆದೇಶ ಬೀದಿಗೆ ಅನ್ವಯಿಸುವಂತೆ ಪುಟಕ್ಕೂ ಅನ್ವಯಿಸುತ್ತದೆ. ಆದರೆ ಇನ್ನೊಂದು ಕೊರತೆಯನ್ನು ನಾವು ಗಮನಿಸುವುದೇ ಇಲ್ಲ. ತನಗೆ ಬೇಕಾದುದು ಆತ ಬಯಸುವ ಬಗೆಯ ಸಂಬಂಧವಲ್ಲವೆಂದು ಲಿಲಿ ಸ್ಪಷ್ಟವಾಗಿ ಹೇಳಿದ ಮೇಲೂ ಆತ ಮನೆಮನೆಯ ಬಾಗಿಲು ತಟ್ಟಿ ಅವಳನ್ನು ಹುಡುಕಿ ಬರುತ್ತಾನೆ. ಎಳೆಯ ಓದುಗರಿಗೆ ಅದು ಪ್ರೇಮದ ಉತ್ಕಟತೆಯಾಗಿ ಕಾಣಬಹುದು. 'ಬೇಡ' ಎಂಬುದನ್ನು ಕೇಳಿಸಿಕೊಳ್ಳದವನ ಮೊದಲ ಗುರುತು ಅಲ್ಲಿಯೇ ಇದೆ. ನಮ್ಮ ಸಿನಿಮಾಗಳಲ್ಲಿಯೂ ಮೊಬೈಲಿನ ಧಾರಾವಾಹಿ ಕಥೆಗಳಲ್ಲಿಯೂ ನಾಯಕನಾಗುವವನು ಬಹುಪಾಲು ಇಂಥವನೇ. ಹೆಣ್ಣುಮಕ್ಕಳ ದಿಂಬನ್ನು ಎತ್ತಿ ನೋಡುವ ನಾವು, ಗಂಡುಮಕ್ಕಳು ಯಾವ ನಾಯಕನನ್ನು ನೋಡಿ ಕಲಿಯುತ್ತಿದ್ದಾರೆಂದು ಎಂದಾದರೂ ವಿಚಾರಿಸಿದ್ದೇವೆಯೇ? ಬರೀರಾರ ಪ್ರಸಂಗವನ್ನು ಮೊದಲು ಕೇಳಿಸಬೇಕಾದುದು ಅವರಿಗೆ.

ಹತ್ತನೆಯ ದಿನ ಆ ದಂಪತಿಗಳು ಮಗಳೊಂದಿಗೆ ಬಂದರು. ಹುಡುಗಿ ತಲೆ ಎತ್ತಲಿಲ್ಲ. ನಾನು ಪುಸ್ತಕವನ್ನು ಓದಿದ್ದೇನೆಂದು ತಿಳಿದಾಗ ಮಾತ್ರ ಒಮ್ಮೆ ನೋಡಿದಳು. "ಬೇಟಿ, ಬೇಡವೆಂದ ಮೇಲೂ ಆತ ಬಾಗಿಲಿಗೆ ಬಂದದ್ದು ನಿನಗೆ ಹೇಗೆನಿಸಿತು?" ಎಂದು ಕೇಳಿದೆ. ಸ್ವಲ್ಪ ಹೊತ್ತಿನ ಬಳಿಕ, "ಮೊದಲ ಸಲ ಚೆನ್ನಾಗಿದೆ ಅನ್ನಿಸಿತು ಸರ್. ಕೊನೆ ಓದಿ ಮತ್ತೆ ಅದೇ ಪುಟಕ್ಕೆ ಬಂದಾಗ ಹೆದರಿಕೆಯಾಯಿತು" ಎಂದಳು. ನಾನು ಒಂಬತ್ತು ರಾತ್ರಿ ಓದಿ ಕಂಡುಕೊಂಡುದನ್ನು ಆಕೆ ಆಗಲೇ ಕಂಡುಕೊಂಡಿದ್ದಳು. ಕೆಲವು ಪುಟಗಳು ನಿನ್ನ ವಯಸ್ಸಿಗೆ ತಕ್ಕವಲ್ಲ ಎಂದು ನಾನು ಹೇಳಿದಾಗ, "ಆ ಪುಟಗಳನ್ನು ಹಾರಿಸಿದೆ" ಎಂದಳು. ನಾನು ನಂಬಿದೆ. ಕೊನೆಯ ಪ್ರಶ್ನೆಯನ್ನು ಅಮ್ಮನಿಗೆ ನೀನೇ ತಿಳಿಸು ಎಂದೆ. ಆಕೆ ತಮ್ಮ ಮನೆಮಾತಿನಲ್ಲಿ ಹೇಳಿದಳು. ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಬಿಟ್ಟು ಬಂದ ಮೇಲೆ ಅವಳು ಎಲ್ಲಿದ್ದಳು?" ಎಂದು ಕೇಳಿದರು. ಆ ಮಾತಿನಿಂದ ಅವರಿಬ್ಬರ ನಡುವೆ ಸಂಭಾಷಣೆ ಆರಂಭವಾಯಿತು. ನಾನು ಚಹಾ ತರುವ ನೆಪದಿಂದ ಒಳಗೆ ಹೋದೆ.

ಹಿಂದಿರುಗುವಾಗ ಆಕೆಯ ಕೈಗೆ ಎರಡು ಪುಸ್ತಕಗಳನ್ನು ಕೊಟ್ಟೆ. ಮೊದಲನೆಯದು ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್‌ರ 'ಚಂದ್ರಗಿರಿಯ ತೀರದಲ್ಲಿ'. 1984ರಲ್ಲಿ ಪುಸ್ತಕರೂಪದಲ್ಲಿ ಬಂದ ಈ ಕಾದಂಬರಿಯ ನಾದಿರಾ ಮತ್ತು ರಶೀದ್ ಪರಸ್ಪರ ಪ್ರೀತಿಸುವ ದಂಪತಿಗಳು. ತಂದೆಯ ಹಠ ಅವರನ್ನು ಅಗಲಿಸುತ್ತದೆ. ಇಲ್ಲಿ ಪ್ರೇಮವಿದೆ, ಹಯಾ ಇದೆ, ಮಗಳ ಮಾತನ್ನು ಕೇಳದ ಮನೆಗೆ ಒದಗುವ ದುರಂತವೂ ಇದೆ. ಧರ್ಮದ ಹೆಸರಿನಲ್ಲಿ ನಾವು ಮಾಡುವ ತಪ್ಪುಗಳನ್ನು ತೋರಿಸುವುದರಿಂದ ಅದು ಕೆಲವರಿಗೆ ಕಹಿಯಾಗಬಹುದು, ಆದರೆ ಔಷಧವೂ ಕಹಿಯೇ. ಎರಡನೆಯದು ತೀರ್ಥಹಳ್ಳಿಯ ಎಂ.ಕೆ. ಇಂದಿರಾರ 'ಫಣಿಯಮ್ಮ'. ಇಂಗ್ಲಿಷಿನಲ್ಲೇ ಓದಬಯಸುವ ಮಕ್ಕಳಿಗೆ ಕೆನಡಾದ ಮುಸ್ಲಿಮ್ ಲೇಖಕಿ ಎಸ್.ಕೆ. ಅಲಿಯವರ 'ಲವ್ ಫ್ರಮ್ ಎ ಟು ಝಡ್' ಇದೆ. ನಮಾಝ್ ಮಾಡುವ, ಎಲ್ಲೆಗಳನ್ನು ಬಲ್ಲ ಇಬ್ಬರು ಯುವಜನರ ಪ್ರೇಮಕಥೆ ಅದು.

2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್‌ರನ್ನು ಎಂಟನೆಯ ವಯಸ್ಸಿನಲ್ಲಿ ಸೇರಿಸಿದ್ದು ನಮ್ಮ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ, ಆರು ತಿಂಗಳಲ್ಲಿ ಕನ್ನಡ ಓದುಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಅಂದು ಆ ಮಗುವಿನ ಕೈಯಿಂದ ಯಾರಾದರೂ ಪುಸ್ತಕ ಕಿತ್ತುಕೊಂಡಿದ್ದರೆ ನಷ್ಟ ಯಾರದಾಗುತ್ತಿತ್ತೆಂದು ಯೋಚಿಸೋಣ.

ಪ್ರಿಯ ಓದುಗರೇ, ಪುಸ್ತಕವನ್ನು ಶಿಫಾರಸು ಮಾಡುವುದು ಒಂದು ಅಮಾನತ್. ನಿಷೇಧಿಸುವುದು ಅದಕ್ಕಿಂತ ಭಾರವಾದ ಅಮಾನತ್. ಎರಡಕ್ಕೂ ಮೊದಲ ಷರತ್ತು, ನಾವು ಓದಿರಬೇಕು. ಓದಲಾಗದಿದ್ದರೆ ಮಗಳಿಂದಲೇ ಕಥೆ ಹೇಳಿಸಿಕೊಳ್ಳೋಣ. ಮಕ್ಕಳ ಪುಸ್ತಕ ದಿಂಬಿನಡಿಯಿಂದ ಮೇಜಿನ ಮೇಲೆ ಬರುವಷ್ಟು ಧೈರ್ಯವನ್ನು ಮೊದಲು ನಾವು ಅವರಿಗೆ ಕೊಡಬೇಕು. ಹನ್ನೆರಡು ವರ್ಷಗಳ ಹಿಂದೆ ನಾನು ಅದನ್ನು ಕೊಡಲಿಲ್ಲ. ಆ ವಿದ್ಯಾರ್ಥಿನಿ ಈ ಸಾಲುಗಳನ್ನು ಓದುತ್ತಿದ್ದರೆ, ಆಕೆಯಲ್ಲಿ ಕ್ಷಮೆ ಕೋರುತ್ತೇನೆ.

ಅಲ್ಲಾಹನು ನಮ್ಮ ಮಕ್ಕಳ ಓದಿನಲ್ಲಿ ಬರಕತ್ತನ್ನೂ ನಮ್ಮ ತೀರ್ಪುಗಳಲ್ಲಿ ನ್ಯಾಯವನ್ನೂ ಅನುಗ್ರಹಿಸಲಿ. ಆಮೀನ್.